ಪೀಡನವೆಂದರೆ ಒತ್ತಡ

ಏಳನೆಯ ತರಗತಿಯವರೆಗೆ ನಾನು ಓದಿದ್ದು ಕನ್ನಡದಲ್ಲಿ. ಎಂಟನೆಯದಕ್ಕೆ ಗಡಿಯಲ್ಲಿರುವ ನಮ್ಮೂರು ನಾಗಲದಿನ್ನೆಯಿಂದ ಬಸ್ಸು ಹಿಡಿದು ಎಮ್ಮಿಗನೂರಿನ ತೆಲುಗು ಶಾಲೆಗೆ ಹೋಗತೊಡಗಿದೆ. ತೆಲುಗು ನನಗೆ ಹೊಸದೇನಲ್ಲ. ಸಂತೆಯಲ್ಲಿ, ಸೋದರತ್ತೆಯ ಮನೆಯಲ್ಲಿ ಸಲೀಸಾಗಿ ಆಡುತ್ತಿದ್ದೆ. ವಿಜ್ಞಾನದ ತೆಲುಗು ಮಾತ್ರ ಬೇರೆಯೇ ಇತ್ತು.

ಶಾಲೆ ಶುರುವಾದ ಹೊಸತರಲ್ಲೇ ವಿಜ್ಞಾನದ ಮೇಷ್ಟ್ರು ನನ್ನನ್ನು ಎಬ್ಬಿಸಿ, "ಪೀಡನಂ ಅಂಟೆ ಏಮಿ?" ಎಂದು ಕೇಳಿದರು. ಪೀಡನವೆಂದರೇನು ಎಂದು. ನನಗೆ ಗೊತ್ತಿದ್ದ ಪೀಡನೆ ಒಂದೇ.

"ಬಾಧ ಪೆಟ್ಟಡಂ ಸಾರ್," ಎಂದೆ. ಕಾಟ ಕೊಡುವುದು.

ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ. ಅವರು ಅರ್ಥ ವಿವರಿಸಿದ ಮೇಲೆ ಗೊತ್ತಾಯಿತು, ಅದು ನಾನು ಕನ್ನಡದಲ್ಲಿ ಚೆನ್ನಾಗಿ ಕಲಿತಿದ್ದ ಒತ್ತಡ. ಅಷ್ಟರಲ್ಲಿ ಹೊತ್ತು ಮೀರಿತ್ತು. ನನ್ನ ಪಕ್ಕ ಕೂರುತ್ತಿದ್ದ ನಂದವರಂ ಊರಿನ ಹುಡುಗಿ ಊಟದ ಹೊತ್ತಿಗೆ ನನಗೆ "ಪೀಡ" ಎಂದು ಹೆಸರಿಟ್ಟಳು. ಶನಿಕಾಟ ಎನ್ನುವ ಅರ್ಥದಲ್ಲಿ. ಆಮೇಲೆ ನಾನು ತರಗತಿಯಲ್ಲಿ ಬಾಯಿ ಬಿಡುವುದನ್ನೇ ನಿಲ್ಲಿಸಿದೆ. ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ಕೂರುತ್ತಿದ್ದೆ.

ಮೇಷ್ಟ್ರು ಫೋನ್ ಮಾಡಿ ಅವ್ವನನ್ನು ಕರೆಸಿದರು. ಅವ್ವ ಹತ್ತಿ ಬಿಡಿಸುವ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದಳು. ಸೀರೆಗೆ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು. ನೇರವಾಗಿ ತರಗತಿಯ ಬಾಗಿಲಿಗೇ ಬಂದು ನಿಂತಳು.

"ಮೀ ಅಮ್ಮಾಯಿ ನೋರೇ ತೆರವದಮ್ಮಾ," ಎಂದರು ಮೇಷ್ಟ್ರು. ನಿಮ್ಮ ಹುಡುಗಿ ಬಾಯೇ ತೆರೆಯುವುದಿಲ್ಲ.

ಅವ್ವನಿಗೆ ತೆಲುಗು ಬರುತ್ತದೆ. ಆದರೆ ಸಿಟ್ಟು ಬಂದಾಗ ಬರುವುದು ಕನ್ನಡವೇ.

"ಈಕೀನಾ? ಮನ್ಯಾಗ ಬಾಯಿ ಮುಚ್ಚಂಗಿಲ್ಲ ಸಾರ್! ಮಳಿ ಬಂದು ಅಂಗಳದಾಗ ಮಂಚದ ಕಾಲು ಹೂತು ಹೋಗಾಕತ್ತಿದ್ವು. ಒಂದೊಂದು ಕಾಲಿಗೆ ಒಂದೊಂದು ಅಗಲ ಕಲ್ಲು ಇಟ್ಟು, ಯಾಕ ಇಡಬೇಕಂತ ನನಗ ಪಾಠ ಮಾಡ್ಯಾಳ ಈಕಿ!"

ಎಲ್ಲರೂ ನಮ್ಮನ್ನೇ ನೋಡುತ್ತಿದ್ದರು. ನಾನು ಎದ್ದು ಬಾಗಿಲಿಗೆ ಹೋಗಿ, "ಅವ್ವ, ಸಣ್ಣಗ ಮಾತಾಡು," ಎಂದು ಪಿಸುಗುಟ್ಟಿದೆ. ಅವಳು ನನ್ನ ಹೆಗಲ ಮೇಲೆ ಇಟ್ಟ ಕೈಯಿಂದ ಮೆಲ್ಲಗೆ ಜಾರಿಕೊಂಡೆ. ಅವ್ವ ಒಮ್ಮೆ ನನ್ನ ಮುಖ ನೋಡಿ, ಸೀರೆಗಂಟಿದ ಹತ್ತಿಯ ಎಳೆಗಳನ್ನು ಬಿಡಿಸತೊಡಗಿದಳು.

ಮೇಷ್ಟ್ರು ಕನ್ನಡಕ್ಕೆ ಹೊರಳಿದರು. "ನಾನು ಆದೋನಿಯಾವ್ನ ಅಮ್ಮಾ, ನನಗೂ ಕನ್ನಡ ಬರ್ತೈತಿ." ನನ್ನ ಕಡೆ ತಿರುಗಿ, "ಕಲ್ಲು ಯಾಕ ಇಟ್ಟಿ? ಕನ್ನಡದಾಗ ಹೇಳು," ಎಂದರು.

ನೆಲ ನೋಡುತ್ತಲೇ ಹೇಳಿದೆ. ಮಂಚದ ಭಾರ ಅಷ್ಟೇ ಇರುತ್ತದೆ. ಕಾಲಿನ ತುದಿ ಸಣ್ಣದಾದ್ದರಿಂದ ಭಾರವೆಲ್ಲ ಅಷ್ಟೇ ಜಾಗದ ಮೇಲೆ ಬಿದ್ದು ಹಸಿ ಮಣ್ಣು ಕುಸಿಯುತ್ತದೆ. ಅಗಲವಾದ ಕಲ್ಲು ಇಟ್ಟರೆ ಅದೇ ಭಾರ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ, ಒತ್ತಡ ಕಡಿಮೆಯಾಗುತ್ತದೆ. ಚಾಕು ಮಸೆಯುವುದು ಇದರ ಉಲ್ಟಾ, ಅಂಚು ಸಣ್ಣದಾದಷ್ಟೂ ಒತ್ತಡ ಜಾಸ್ತಿ.

"ಯಾರಿಗೆ ಅರ್ಥ ಆತು?" ಎಂದು ಮೇಷ್ಟ್ರು ಕನ್ನಡದಲ್ಲೇ ಕೇಳಿದರು. ಅರ್ಧಕ್ಕಿಂತ ಹೆಚ್ಚು ಕೈಗಳು ಮೇಲೆದ್ದವು. ನಂದವರಂ ಹುಡುಗಿಯ ಕೈಯೂ ಇತ್ತು. ಅವಳ ಮನೆಯ ಮಾತೂ ಕನ್ನಡವೆಂದು ನನಗೆ ಆಗಲೇ ತಿಳಿದದ್ದು. ಅಂದಿನಿಂದ ಮೇಷ್ಟ್ರು ಹೊಸ ಪದ ಬಂದಾಗಲೆಲ್ಲ ಬೋರ್ಡಿನ ಮೇಲೆ ಎರಡೂ ಭಾಷೆಯಲ್ಲಿ ಬರೆಯುತ್ತಿದ್ದರು.

ಸಂಜೆ ಅವ್ವನ ಜೊತೆಯೇ ಬಸ್ಸು ಹತ್ತಿದೆ. ಗೆದ್ದ ಖುಷಿ ಇರಬೇಕಿತ್ತು, ಇರಲಿಲ್ಲ. "ಸಿಟ್ಟು ಬಂತೇನವ್ವ?" ಎಂದೆ.

"ಸಿಟ್ಟ್ಯಾಕ? ನಿನಗ ನಾಚಿಕಿ ಆತು. ನನಗ ಗೊತ್ತಾತು," ಎಂದಳು. ದನಿಯಲ್ಲಿ ದೂರು ಇರಲಿಲ್ಲ. ಬೈದಿದ್ದರೆ ಅಳಬಹುದಿತ್ತು. ನಾನು ಅವಳ ಮುಖ ನೋಡಲಾರದೆ ಕಿಟಕಿಯತ್ತ ತಿರುಗಿದೆ.

ಅವಳೇ ಕೇಳಿದಳು. "ಬಾವ್ಯಾಗಿಂದ ಕೊಡ ಎಳೀವಾಗ, ನೀರಾಗ ಇರೋತನಕ ಹಗುರ, ಮ್ಯಾಲ ಬಂದ ಕೂಡ್ಲೇ ಭಾರ. ಅದು ಯಾಕ?"

ನೀರು ಕೊಡವನ್ನು ಕೆಳಗಿನಿಂದ ಮೇಲಕ್ಕೆ ನೂಕುತ್ತಿರುತ್ತದೆ ಎಂದು ಹೇಳತೊಡಗಿದೆ. ಮುಂದಿನ ಸೀಟಿನವರು ತಿರುಗಿ ನೋಡಿದರು. ನನ್ನ ದನಿ ತಾನಾಗಿಯೇ ತಗ್ಗಿತು. ಅವ್ವ ಕೇಳಿಸಲೆಂದು ಕಿವಿಯನ್ನು ನನ್ನ ಬಾಯಿಯ ಹತ್ತಿರ ತಂದಳು.