ಕಿವಿಯ ಕಡೆಗೆ ಒಂದಿಷ್ಟು

ಹೋದ ವಾರ ಬಾದಾಮಿಯ ಕೆರೆಯ ಮೆಟ್ಟಿಲ ಮೇಲೆ ಹೆಂಡತಿಯನ್ನು ಕೂಡಿಸಿ ಮೊಬೈಲಿನಲ್ಲಿ ಒಂದು ಫೋಟೋ ತೆಗೆದೆ. ಹಿಂದೆ ಕೆಂಪು ಬಂಡೆ, ಪಕ್ಕದಲ್ಲಿ ಹಸಿರು ನೀರು, ನಡುವೆ ಇವಳು. ಎಲ್ಲವೂ ಸರಿಯಾಗಿ ಬಂದಿತ್ತು, ಇವಳ ಕಣ್ಣು ಮಾತ್ರ ಮುಚ್ಚಿದ್ದವು. ಅದೇನೂ ಹೊಸದಲ್ಲ. ನಮ್ಮ ಮದುವೆಯ ಆಲ್ಬಮ್ಮಿನಿಂದ ಹಿಡಿದು ಇವತ್ತಿನವರೆಗೆ, ಕ್ಯಾಮೆರಾ ಕಣ್ಣು ತೆರೆಯುವ ಗಳಿಗೆಗೆ ಸರಿಯಾಗಿ ತನ್ನ ಕಣ್ಣು ಮುಚ್ಚುವ ವಿದ್ಯೆ ಅವಳಿಗೆ ಒಲಿದಿದೆ. ಹೊಸದೆಂದರೆ ಮೊಬೈಲು. ಅದು ಫೋಟೋದ ಕೆಳಗೆ ತಾನಾಗಿಯೇ ಒಂದು ಪ್ರಶ್ನೆ ಮೂಡಿಸಿತು: ಕಣ್ಣು ತೆರೆಸಲೇ? ಹೌದು, ಬೇಡ ಎಂದು ಎರಡು ಗುಂಡಿಗಳು.

ನನ್ನ ಹೆಬ್ಬೆರಳು 'ಹೌದು' ಎಂಬುದರ ಹತ್ತಿರ ಹೋಗಿ ಅಲ್ಲೇ ನಿಂತಿತು. ನಿಮ್ಮ ಬೆರಳಾಗಿದ್ದರೆ ನಿಲ್ಲುತ್ತಿರಲಿಲ್ಲವೇನೋ. ನನ್ನದು ಯಾಕೆ ನಿಂತಿತೆಂದು ಹೇಳಬೇಕಾದರೆ ಇಳಕಲ್ಲಿನ ಒಂದು ಮಗ್ಗದ ಮನೆಗೆ ನಿಮ್ಮನ್ನು ಕರೆದೊಯ್ಯಬೇಕು. ದಾರಿಯಲ್ಲಿ ನನ್ನ ಕ್ಯಾಮೆರಾ ಪುರಾಣವನ್ನೂ ಒಂದಿಷ್ಟು ಸಹಿಸಿಕೊಳ್ಳಬೇಕು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಮಾಡಿಕೊಂಡು, ಕಾಲೇಜೊಂದರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೆ. ಸ್ಟುಡಿಯೋ ಮುಚ್ಚುತ್ತಿದ್ದ ಹಿರಿಯರೊಬ್ಬರು ತಮ್ಮ ಹಳೆಯ ರೀಲಿನ ಕ್ಯಾಮೆರಾವನ್ನು ನನಗೆ ಕೊಟ್ಟರು. ಕೊಡುವಾಗ ಹೇಳಿದ್ದು ಒಂದೇ ಪಾಠ: "ಮನಶ್ಯಾರ್ನ ತಗಿವಾಗ ಕಣ್ಣಿಗೆ ಫೋಕಸ್ ಮಾಡ್ರಿ. ಕಣ್ಣ ಚೂಪ್ ಬಂತಂದ್ರ ಉಳದದ್ದು ಹೆಂಗಿದ್ರೂ ನಡಿತೈತಿ."

ರವಿವಾರ ಬಂದರೆ ಬಾದಾಮಿ, ಇಲ್ಲವೆ ಮಹಾಕೂಟ. ಒಮ್ಮೆ ಬಾದಾಮಿಯ ಗುಹೆಯ ಮುಂದೆ ಕೋತಿಯೊಂದು ನನ್ನ ಲೆನ್ಸಿನ ಮುಚ್ಚಳ ಕಿತ್ತುಕೊಂಡು ಹೋಗಿ, ಕಡಿದು ನೋಡಿ, ತಿನ್ನಲು ಬಾರದ್ದೆಂದು ತಿಳಿದ ಮೇಲೆ ನನ್ನನ್ನೇ ಬಯ್ಯುವಂತೆ ಹಲ್ಲು ಕಿರಿದು ಕೆರೆಗೆ ಎಸೆಯಿತು. ಅಂದಿನಿಂದ ಆ ಲೆನ್ಸಿಗೆ ಹೆಂಡತಿಯ ಕರ್ಚೀಫೇ ಮುಚ್ಚಳ. ಹುಟ್ಟೂರು ಇಳಕಲ್ಲಿಗೆ ಹೋದಾಗ ನಮ್ಮ ಓಣಿಯವರು "ಫೋಟೋ ಸಾಹೇಬ್ರು ಬಂದ್ರು" ಎನ್ನುತ್ತಿದ್ದರು. ಅದು ಗೌರವವಲ್ಲವೆಂದು ಗೊತ್ತಿದ್ದರೂ ನಾನು ಎದೆ ಸ್ವಲ್ಪ ಮುಂದೆ ಮಾಡಿಯೇ ನಡೆಯುತ್ತಿದ್ದೆ.

ಆ ಓಣಿಯಲ್ಲಿ ನಮ್ಮ ಮನೆಗೆ ಅಂಟಿಕೊಂಡೇ ಶಂಕ್ರಪ್ಪ ಕಾಕಾನ ಮನೆ. ಕಾಕಾ ಮತ್ತು ಅವರ ಹೆಂಡತಿ ಪಾರವ್ವ ಇಬ್ಬರೂ ಸೀರೆ ನೇಯುವವರು. ರಕ್ತಸಂಬಂಧವಿಲ್ಲದಿದ್ದರೂ ಪಾರವ್ವ ನನಗೆ ಚಿಗವ್ವ, ಎಂದರೆ ಚಿಕ್ಕಮ್ಮ. ಕಾಕಾನಿಗೆ ಮೆಳ್ಳಗಣ್ಣು. ಅವರು "ಬಾರೋ ಇಲ್ಲೆ" ಎಂದರೆ ಅಂಗಳದಲ್ಲಿದ್ದ ಹುಡುಗರಲ್ಲಿ ಇಬ್ಬರು ಎದ್ದು ಹೋಗುತ್ತಿದ್ದೆವು. ನಿಮ್ಮ ಜೊತೆ ಮಾತನಾಡುವಾಗ ಅವರು ನಿಮ್ಮ ಹಿಂದೆ ಯಾರೋ ನಿಂತಿದ್ದಾರೆಂಬಂತೆ ನೋಡುವರು. ನೀವು ತಿರುಗಿ ನೋಡದೆ ಇರಲು ಸಾಧ್ಯವೇ ಇರಲಿಲ್ಲ.

"ನನ್ನ ನೋಡಾಕ ಬಂದಾಗ ಇವರು ನನ್ನ ನೋಡಿದ್ರೋ ಬಾಜೂಕ ಕುಂತಿದ್ದ ನಮ್ಮ ತಂಗಿನ್ನ ನೋಡಿದ್ರೋ, ಇವತ್ತಿಗೂ ನನಗ ಖಾತ್ರಿ ಇಲ್ಲ ನೋಡು" ಎಂದು ಚಿಗವ್ವ ಬಂದವರಿಗೆಲ್ಲ ಹೇಳುತ್ತಿದ್ದಳು.

ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತ ಕಾಕಾ ಲಾಳಿ ನಿಲ್ಲಿಸದೆಯೇ ಉತ್ತರ ಕೊಡುವರು: "ಇಬ್ಬರ್ನೂ ಒಮ್ಮೆಲೆ ನೋಡಿದ್ನಿ. ನೀನ ಚಂದ ಕಂಡಿ. ಎರಡು ಕಣ್ಣ ನೆಟ್ಟಗಿದ್ದವನಿಗೆ ಅದು ಆಗ್ತಿತ್ತೇನು?"

ಹೀಗೆ ತಮ್ಮನ್ನು ತಾವೇ ನಗೆಯಾಡುತ್ತಿದ್ದ ಮನುಷ್ಯ ಕ್ಯಾಮೆರಾ ಕಂಡರೆ ಮಾತ್ರ ಮುಖ ಗೋಡೆಯ ಕಡೆ ಮಾಡಿಬಿಡುತ್ತಿದ್ದರು. ನಾನು ಎಷ್ಟೋ ಸಲ ಬೇಡಿಕೊಂಡೆ. "ಮಗ್ಗದ್ದು ತಗೋ, ಸೀರೀದು ತಗೋ. ನನ್ನ ಮಾರಿ ಬ್ಯಾಡೋ ತಮ್ಮಾ" ಎನ್ನುವರು. ಹಾಗಾಗಿ ನನ್ನಲ್ಲಿ ಅವರ ಮಗ್ಗದ ಫೋಟೋಗಳು ಬೇಕಾದಷ್ಟು ಇದ್ದವು, ಅವರದು ಒಂದೂ ಇರಲಿಲ್ಲ.

ನಾನು ರಜೆಯಲ್ಲಿ ಊರಲ್ಲಿದ್ದಾಗಲೇ ಒಂದು ಬೆಳಿಗ್ಗೆ ಕಾಕಾ ತೀರಿಕೊಂಡರು. ಮಗ ಮಾಂತೇಶ ಬಂದು ಬಾಗಿಲಲ್ಲಿ ನಿಂತ. "ಅಣ್ಣಾ, ಅಪ್ಪಾಂದು ಒಂದೂ ಫೋಟೋ ಇಲ್ಲ. ಕ್ಯಾಮೆರಾ ತಗೊಂಡು ಬಾ" ಎಂದ.

ನಮ್ಮಲ್ಲಿ ತೀರಿಕೊಂಡವರನ್ನು ಮಲಗಿಸುವುದಿಲ್ಲ. ಗೋಡೆಗೆ ಆನಿಸಿ ಕೂಡಿಸಿ, ತಲೆ ವಾಲದಂತೆ ಬಟ್ಟೆ ಕಟ್ಟಿ, ಹಣೆಗೆ ವಿಭೂತಿ ಹಚ್ಚುತ್ತಾರೆ. ಕಾಕಾನನ್ನು ಹಾಗೆ ಕೂಡಿಸಿದ್ದರು. ನಾನು ಕ್ಯಾಮೆರಾ ಎತ್ತಿ, ರೂಢಿಯಂತೆ ಫೋಕಸ್ ಬಳೆ ತಿರುಗಿಸುತ್ತ ಕಣ್ಣು ಹುಡುಕಿದೆ. ಸಿಗಲಿಲ್ಲ. ಮುಚ್ಚಿದ ರೆಪ್ಪೆಗಳ ಮೇಲೆ ಬಳೆ ಹಿಂದೆ ಮುಂದೆ ಹೋಯಿತು. ಕೊನೆಗೆ ಹಣೆಯ ವಿಭೂತಿಗೆ ಫೋಕಸ್ ಮಾಡಿ ಗುಂಡಿ ಒತ್ತಿದೆ. ಜೀವಮಾನವೆಲ್ಲ ಮುಖ ತಿರುಗಿಸಿದವರು ಅವತ್ತು ತಿರುಗಿಸಲಿಲ್ಲ.

ಆ ಫೋಟೋವನ್ನು ಮಾಂತೇಶ ಒಬ್ಬ ಕಲಾವಿದನಿಗೆ ಕೊಟ್ಟ. ಮುಚ್ಚಿದ ಕಣ್ಣಿನ ಫೋಟೋಕ್ಕೆ ಬಣ್ಣದಲ್ಲಿ ತೆರೆದ ಕಣ್ಣು ಬರೆದುಕೊಡುವವರು ಆಗ ಇದ್ದರು. ಕೆಲವು ದಿನಗಳಲ್ಲಿ ಕಾಕಾ ಕಟ್ಟು ಹಾಕಿಸಿಕೊಂಡು, ಗಂಧದ ಮಾಲೆಯೊಂದಿಗೆ ಪಡಸಾಲೆಯ ಗೋಡೆಗೆ ಬಂದರು. ಎರಡೂ ಕಣ್ಣು ತೆರೆದಿದ್ದವು, ಎರಡೂ ನೆಟ್ಟಗೆ ನೋಡುತ್ತಿದ್ದವು. ಚಿಗವ್ವನ ಕಣ್ಣಿಗೆ ಆಗಲೇ ಪೊರೆ ಬಂದು ಎಲ್ಲವೂ ಮಂಜಾಗಿತ್ತು. ಅವಳು ಗೋಡೆಯ ಕಡೆ ಕೈ ಮುಗಿದಳು.

ಇನ್ನು ನನ್ನ ವ್ಯಾಪಾರದ ವಿಷಯ. ಎರಡು ಸಾವಿರದ ಆಚೆ ಕೆಲವು ವರ್ಷ ಕಳೆದ ಮೇಲೆ ನನ್ನ ಮನೆಗೆ ಡಿಜಿಟಲ್ ಕ್ಯಾಮೆರಾ ಬಂತು, ಅದರ ಬೆನ್ನಿಗೇ ಕಂಪ್ಯೂಟರು, ಅದರ ಬೆನ್ನಿಗೇ ದುರಾಸೆ. ಇಂಟರ್ನೆಟ್ಟಿನಲ್ಲಿ ಫೋಟೋ ಮಾರಿಕೊಡುವ ತಾಣಗಳಿವೆಯೆಂದು ಯಾರೋ ಹೇಳಿದರು. ನಾವು ಫೋಟೋ ಏರಿಸಬೇಕು, ಯಾವುದೋ ದೇಶದಲ್ಲಿ ಕುಳಿತ ಪರೀಕ್ಷಕ ನೋಡಿ ಒಪ್ಪಬೇಕು, ಆಮೇಲೆ ಬೇಕಾದವರು ಕೊಳ್ಳುತ್ತಾರೆ. ನನ್ನ ಪರೀಕ್ಷಕ ಏನನ್ನೂ ಒಪ್ಪುತ್ತಿರಲಿಲ್ಲ. ಸಂಜೆ ಬಿಸಿಲಲ್ಲಿ ಬಾದಾಮಿಯ ಬಂಡೆ ತೆಗೆದು ಕಳಿಸಿದರೆ 'ಕೆಂಪು ಬಣ್ಣವನ್ನು ಅತಿಯಾಗಿ ತಿದ್ದಲಾಗಿದೆ' ಎಂದು ಬಂತು. ನಾನು ಮುಟ್ಟಿಯೇ ಇರಲಿಲ್ಲ. ಕೂಡಲಸಂಗಮದ ನೀರು ಕಳಿಸಿದರೆ ದಿಗಂತ ವಾರೆಯಾಗಿದೆ. ಮಹಾಕೂಟದ ಹೊಂಡಕ್ಕೆ ಹಾರುತ್ತಿದ್ದವರನ್ನು ಕಳಿಸಿದರೆ, ಗುರುತು ಸಿಗುವ ಮುಖಗಳಿವೆ, ಎಲ್ಲರ ಒಪ್ಪಿಗೆಯ ಸಹಿ ಬೇಕು. ಅವರೆಲ್ಲ ಆಗಲೇ ನೀರಿನೊಳಗಿದ್ದರು.

ಈ ತಿರಸ್ಕಾರಗಳಿಂದ ಒಂದು ಲಾಭವಾಯಿತು. ಫೋಟೋ ತಿದ್ದುವುದನ್ನು ಕಲಿತೆ. ವಾರೆಯಾದದ್ದನ್ನು ನೆಟ್ಟಗೆ ಮಾಡುವುದು, ಆಕಾಶದಿಂದ ವೈರು ಅಳಿಸುವುದು, ಗುಡಿಯ ಮುಂದಿನ ಆಡನ್ನು ಮಾಯ ಮಾಡುವುದು. ಕೊನೆಗೂ ಪರೀಕ್ಷಕ ಒಂದನ್ನು ಒಪ್ಪಿದ, ಅದು ಮಾರಾಟವೂ ಆಯಿತು. ಚಿಗವ್ವನ ಮಗ್ಗದ ಮೇಲೆ ಬಿಗಿದ ನೂಲಿನ ಎಳೆಗಳು. ಅದರಲ್ಲಿ ಮನುಷ್ಯರೂ ಇಲ್ಲ, ಊರೂ ಇಲ್ಲ. ಇಳಕಲ್ಲಿಗೆ ಓಡಿ ಹೋಗಿ ಅವಳಿಗೆ ಹೇಳಿದೆ.

"ಯಾರ್ ತಗೊಂಡ್ರು?"

"ಗೊತ್ತಿಲ್ಲ, ಚಿಗವ್ವಾ."

"ಯಾ ಊರವರು?"

"ಅದೂ ಗೊತ್ತಾಗೂದಿಲ್ಲ."

"ಮತ್ತ ಎದಕ್ಕ ತಗೊಂಡ್ರಂತ?"

"ತಿಳಿಸಂಗಿಲ್ಲ ಅವರು."

"ಸೀರಿ ಮಾರಿದ್ರ ಉಡೂ ಹೆಣ್ಮಗಳು ಒಬ್ಬಾಕಿ ಎಲ್ಲೋ ಇರ್ತಾಳಂತ ಸಮಾಧಾನರೆ ಇರತೈತಿ" ಎಂದು ಅವಳು ನಕ್ಕಳು. "ನಿಂದ ಗಾಳಿಗೆ ಮಾರಿದಂಗಾತಲ್ಲೋ."

ಅದೇ ವರ್ಷ ಚಿಗವ್ವ ಬಾಗಲಕೋಟೆಯ ದವಾಖಾನೆಯಲ್ಲಿ ಪೊರೆ ತೆಗೆಸಿಕೊಂಡು ಊರಿಗೆ ಹೋದಳು. ಮತ್ತೆ ತೋರಿಸಿಕೊಳ್ಳಲು ಬಂದಾಗ ಕಪ್ಪು ಕನ್ನಡಕ ಹಾಕಿಕೊಂಡು, ಹಳೆಯ ಸೀರೆಯಲ್ಲಿ ಸುತ್ತಿದ ಗಂಟೊಂದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನೇರ ನಮ್ಮ ಮನೆಗೆ ಬಂದಳು. ಗಂಟು ಬಿಚ್ಚಿದರೆ ಕಾಕಾ.

"ಕಣ್ಣ ಬಂದ ಮ್ಯಾಲ ಮೊದಲ ಇವರನ್ನ ನೋಡಿದೆ" ಎಂದಳು. "ಇವರು ಯಾರೋ ತಮ್ಮಾ? ಹಣಿ ಅವರದು, ಮೂಗ ಅವರದು. ಕಣ್ಣ ಅವರದಲ್ಲ. ಇಷ್ಟ ವರ್ಷ ಪರಗಂಡಸಿಗೆ ಕೈ ಮುಗದೇನಿ." ಆಮೇಲೆ ಫೋಟೋವನ್ನು ನನ್ನ ಕಡೆ ಸರಿಸಿ, "ನೀ ಕಂಪ್ಯೂಟರಿನಾಗ ವಾರಿದ್ದದ್ದು ನೆಟ್ಟಗ ಮಾಡ್ತೀ ಅಂತಾರ. ನೆಟ್ಟಗಿದ್ದದ್ದು ವಾರಿ ಮಾಡಾಕ ಬರತೈತೇನು?" ಎಂದು ಕೇಳಿದಳು.

ಕಟ್ಟು ಬಿಚ್ಚಿ, ಫೋಟೋವನ್ನು ಕಂಪ್ಯೂಟರಿಗೆ ಇಳಿಸಿ, ಕಣ್ಣುಗಳನ್ನು ಪರದೆಯ ತುಂಬ ದೊಡ್ಡದು ಮಾಡಿದೆ. ಕುಂಚದ ಎಳೆಗಳು ಕಂಡವು. ಅವು ಚಂದದ ಕಣ್ಣುಗಳೇ. ಆದರೆ ಅವನ್ನು ಎಲ್ಲೆಲ್ಲೋ ನೋಡಿದ್ದೇನೆ ಎನ್ನಿಸಿತು, ಆಮೇಲೆ ಹೊಳೆಯಿತು. ಆ ಕಲಾವಿದ ನಮ್ಮ ಓಣಿಯ ಸತ್ತವರಿಗೆಲ್ಲ ಇದೇ ಒಂದು ಜೊತೆ ಕಣ್ಣು ಕೊಟ್ಟಿದ್ದ.

"ಯಾವ ಕಣ್ಣ, ಚಿಗವ್ವಾ?"

"ಎಡಗಣ್ಣ. ನಿನ್ನ ಎಡಕ್ಕಲ್ಲೋ, ಅವರ ಎಡಕ್ಕ."

ನಾನು ಬಲಗಣ್ಣೆಂದು ತಿಳಿದಿದ್ದೆ. ಕಪ್ಪು ಗುಡ್ಡೆಯನ್ನು ಕತ್ತರಿಸಿ ಬೇರೆ ಮಾಡಿ ಮೆಲ್ಲಗೆ ಸರಿಸತೊಡಗಿದೆ. ಚಿಗವ್ವ ಕನ್ನಡಕ ತೆಗೆದು, ಪರದೆಗೆ ಮುಖ ತಂದು, ಬೆರಳಾಡಿಸುತ್ತ ಹೇಳುತ್ತ ಹೋದಳು.

"ಕಿವಿ ಕಡಿ ಒಂದೀಟು. ಇನ್ನೊಂದೀಟು. ಅಯ್ಯ, ಅಷ್ಟಲ್ಲೋ! ಹುನಗುಂದ ನೋಡಿದಂಗಾತು. ಹೊಳ್ಳಿ ತಾ. ಈಗ ಕೆಳಗ... ಒಂದ ಎಳಿ ಅಷ್ಟ."

ಅವಳ ಎಳೆಗೂ ನನ್ನ ಮೌಸಿನ ಒಂದು ಒತ್ತಿಗೂ ಅಳತೆ ಕೂಡುವವರೆಗೆ ಬಹಳ ಹೊತ್ತಾಯಿತು. ಎಳೆ ಹೆಚ್ಚು, ಎಳೆ ಕಡಿಮೆ. ನನಗೆ ಎಲ್ಲವೂ ಒಂದೇ ರೀತಿ ಕಾಣತೊಡಗಿತ್ತು. ಇನ್ನು ಸಾಕು ಎನ್ನಬೇಕೆಂದು ಬಾಯಿ ತೆರೆಯುವಾಗ, ಪಕ್ಕದಲ್ಲಿ ಆಡುತ್ತಿದ್ದ ಬೆರಳು ನಿಂತಿತು. ತಿರುಗಿ ನೋಡಿದೆ. ಚಿಗವ್ವ ಹಿಂದೆ ಸರಿದು ಕುಳಿತಿದ್ದಳು. ಅವಳ ಕೈ ತಾನಾಗಿ ಮೇಲೆದ್ದು, ಹೆಗಲಿಗೆ ಜಾರಿದ್ದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತು.

ಬಾಗಿಲಲ್ಲಿ ಚಹಾ ಹಿಡಿದು ನನ್ನ ಹೆಂಡತಿ ನಿಂತಿದ್ದಳು. ನಮ್ಮ ಓಣಿಯ ಸೊಸೆಯಾಗಿ ಬಂದಾಗಿನಿಂದ ಕಾಕಾನ ಎದುರು ತಲೆಯ ಮೇಲೆ ಸೆರಗಿಲ್ಲದೆ ಓಡಾಡಿದವಳಲ್ಲ. ಅವತ್ತು ನೈಟಿಯಲ್ಲಿದ್ದಳು. ಖಾಲಿ ಇದ್ದ ಅವಳ ಇನ್ನೊಂದು ಕೈ ಹೆಗಲ ಹತ್ತಿರ ಹೋಗಿ, ಅಲ್ಲಿ ಏನೂ ಸಿಗದೆ ಕೆಳಗಿಳಿಯಿತು. ನಾನು ಪರದೆಯತ್ತ ನೋಡಿದೆ. ಆಮೇಲೆ, ನಗಬೇಡಿ, ನನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದೆ.

"ಇಷ್ಟ ಸಾಕ" ಎಂದಳು ಚಿಗವ್ವ, ತೀರ ಸಣ್ಣ ದನಿಯಲ್ಲಿ. "ಇನ್ನ ಮುಟ್ಟಬ್ಯಾಡ."

ತಾಯಿಯನ್ನು ಕರೆದೊಯ್ಯಲು ಬಂದ ಮಾಂತೇಶ ಹೊಸ ಫೋಟೋ ನೋಡಿ ಕುರ್ಚಿಯ ಮೇಲೆ ಕುಸಿದ. "ಅಣ್ಣಾ, ಏನ್ ಮಾಡೀದಿ? ಬರೂ ವಾರ ನಮ್ಮ ಗೀತಾನ್ನ ನೋಡಾಕ ಹುನಗುಂದದಿಂದ ಬರ್ತಾರ. ಮೆಳ್ಳಗಣ್ಣ ನಮ್ಮ ವಂಶದಾಗ ಐತಿ ಅಂತ ಗ್ವಾಡಿಗೆ ಬೋರ್ಡ್ ಹಚ್ಚಿದಂಗಾತು."

ಗೀತಾ ಅವನ ಒಬ್ಬಳೇ ಮಗಳು. ಅವನ ಅಂಜಿಕೆಯನ್ನು ನಾನು ಹಗುರ ಮಾಡಲಾರೆ. ಶಾಲೆಯಲ್ಲಿ 'ಮೆಳ್ಳಗಣ್ಣನ ಮಗ' ಎಂದು ಕರೆಸಿಕೊಂಡು ಅಳುತ್ತ ಮನೆಗೆ ಬಂದವನು ಅವನು.

"ಗೀತಾನ ಕಣ್ಣ ಗೀತಾನ ಮಾರ್ಯಾಗ ಅದಾವ. ಬಂದವರು ಆಕಿನ್ನ ನೋಡಲಿ" ಎಂದಳು ಚಿಗವ್ವ.

"ಎವ್ವಾ, ಅವರು ಹೋದ ಮ್ಯಾಲ ಹಾಕೂಣಲ್ಲ. ಅಲ್ಲೀತನಕ ಹಳೇದಿರಲಿ."

"ಮೊಮ್ಮಗಳನ್ನ ನೋಡಾಕ ಬಂದಾಗ ಅಜ್ಜ ಮನ್ಯಾಗ ಇರಬೇಕೋ ಬ್ಯಾಡೋ?"

ಫೋಟೋ ಗೋಡೆಗೆ ಹೋಯಿತು.

ಹುನಗುಂದದವರು ಬಂದ ದಿನ ಕ್ಯಾಮೆರಾ ಹಿಡಿದು ನಾನೂ ಅಲ್ಲಿದ್ದೆ. ವರನ ತಂದೆ ದೊಡ್ಡ ಮನುಷ್ಯ, ಸಾವಕಾಶ ಮಾತಿನವರು. ಕಾಕಾನ ಎದುರುಗಡೆಯೇ ಕುಳಿತರು. ಉಪ್ಪಿಟ್ಟು ತಿನ್ನುತ್ತ ಒಮ್ಮೆ ಗೋಡೆ ನೋಡಿದರು. ತಕ್ಷಣ ಹಿಂದೆ ತಿರುಗಿ ನೋಡಿದರು. ಅಲ್ಲಿ ಗೋಡೆಯ ಗೂಟಕ್ಕೆ ತೂಗಿದ್ದ ಚೀಲ ಬಿಟ್ಟರೆ ಯಾರೂ ಇರಲಿಲ್ಲ. ಮತ್ತೆ ಫೋಟೋ ನೋಡಿದರು, ಮತ್ತೆ ಹಿಂದೆ. ಮಾಂತೇಶನ ಮುಖದಲ್ಲಿ ರಕ್ತವಿರಲಿಲ್ಲ.

ಒಳಬಾಗಿಲಲ್ಲಿ ನಿಂತ ಚಿಗವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರೂ ನಗು ಹೊರಗೆ ಬಂದೇ ಬಿಟ್ಟಿತು. "ಹಿಂದ ಯಾರೂ ಇಲ್ರಿ ಬೀಗರ. ಅವರು ನಿಮ್ಮನ್ನ ನೋಡಾಕತ್ತಾರ."

ಮಾತುಕತೆಯೇ ಶುರುವಾಗಿರಲಿಲ್ಲ, ಅವಳು ಬೀಗರೆಂದು ಕರೆದುಬಿಟ್ಟಿದ್ದಳು. ಆ ದೊಡ್ಡ ಮನುಷ್ಯ ತಟ್ಟೆ ಕೆಳಗಿಟ್ಟು ಹೊಟ್ಟೆ ಕುಲುಕುವಂತೆ ನಕ್ಕರು. "ಹಂಗಂದ್ರ ಒಪ್ಪಿದ್ರಂತ ತಿಳ್ಕೊಳ್ಳೇನ್ರಿ ಅವರು?" ಎಂದರು. ತಲೆ ತಗ್ಗಿಸಿ ಕುಳಿತಿದ್ದ ಗೀತಾ ನಗು ತಡೆಯಲಾರದೆ ಮುಖ ಎತ್ತಿದಳು. ನಾನು ಗುಂಡಿ ಒತ್ತಿದೆ. ಅವಳ ಕಣ್ಣು ಬಹಳ ಚೂಪಾಗಿ ಬಂದವು. ಆ ಸಂಬಂಧ ಕೂಡಿತು. ಕಣ್ಣಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮದುವೆಯ ಗದ್ದಲ ಮುಗಿದ ಮೇಲೆ ಚಿಗವ್ವ ನನ್ನನ್ನು ಮಗ್ಗದ ಹತ್ತಿರ ಕರೆದಳು. "ನಂದೂ ಒಂದು ತಗಿ, ಕಣ್ಣ ತೆರದಾಗ. ನಾಳೆ ಯಾವನರೆ ಬಂದು ನನಗ ತನ್ನ ಕಣ್ಣ ಬರೀದಂಗ." ತೆಗೆದೆ. ಈಗ ಆ ಪಡಸಾಲೆಯ ಗೋಡೆಯ ಮೇಲೆ ಇಬ್ಬರೂ ಇದ್ದಾರೆ. ಅವಳು ನೆಟ್ಟಗೆ ನಮ್ಮನ್ನು ನೋಡುತ್ತಾಳೆ. ಕಾಕಾನ ಎಡಗಣ್ಣು ಮಾತ್ರ ಅವಳ ಕಡೆಗಿದೆ. ನಾನು ಹಾಗೆ ಮಾಡಿದ್ದಲ್ಲ. ಮಾಂತೇಶ ಅವಳನ್ನು ತೂಗುಹಾಕಿದ್ದು ಆ ಮಗ್ಗುಲಿಗೆ.

ಫೋಟೋ ಮಾರುವ ತಾಣದ ಪಾಸ್‌ವರ್ಡು ನನಗೆ ಮರೆತುಹೋಗಿ ಎಷ್ಟೋ ಕಾಲವಾಯಿತು. ಹೋದ ವಾರ ಬಾದಾಮಿಯ ಕೆರೆಯ ಮೆಟ್ಟಿಲ ಮೇಲೆ ನಿಂತು ಇಷ್ಟೆಲ್ಲ ನೆನೆಯುತ್ತಿದ್ದ ನನ್ನನ್ನು ನೋಡಿ ಹೆಂಡತಿ ಎದ್ದು ಬಂದಳು. ಮೊಬೈಲು ಅವಳ ಕೈಗೆ ಕೊಟ್ಟೆ. "ನಿನ್ನ ಕಣ್ಣ ತೆರಸ್ತೀನಿ ಅನ್ನಾಕತ್ತೈತಿ. ಏನ್ ಹೇಳಲಿ?"

ಅವಳು ಪ್ರಶ್ನೆಯನ್ನು ಓದಿ ಕೇಳಿದಳು: "ಯಾರ ಕಣ್ಣ ಹಚ್ಚತೈತ್ರಿ ಅದು?"

'ಬೇಡ' ಎಂಬುದನ್ನು ಒತ್ತಿದೆ. ಫೋಟೋ ಹಾಗೆಯೇ ಇದೆ. ಹುಬ್ಬು ಕೂಡಿವೆ, ಕಣ್ಣಂಚಿನಲ್ಲಿ ನೆರಿಗೆ ಬಿದ್ದಿವೆ, ಒಂದು ಕೈ ಹಣೆಯತ್ತ ಅರ್ಧ ಎದ್ದಿದೆ. ಆ ಮಧ್ಯಾಹ್ನ ನೀರಿನ ಮೇಲಿಂದ ಅವಳ ಮುಖಕ್ಕೆ ಎಷ್ಟು ಬಿಸಿಲು ಹೊಡೆಯುತ್ತಿತ್ತೆಂದು ಅದನ್ನು ನೋಡಿದ ಮೇಲೆ ನನಗೆ ತಿಳಿಯಿತು.