ಕತ್ತೆಮರಿಯ ಹನ್ನೆರಡು ಉತ್ತರ

ಗ್ರಂಥಾಲಯದ ಮಕ್ಕಳ ಕೋಣೆಯಲ್ಲಿ ನಾಲ್ಕು ವರ್ಷದಿಂದ ತಾತ್ಕಾಲಿಕವಾಗಿ ದುಡಿಯುತ್ತಿದ್ದವಳನ್ನು ಎಲ್ಲರೂ ಕಥೆ ಟೀಚರ್ ಎಂದೇ ಕರೆಯುತ್ತಿದ್ದರು. ಕಿತ್ತುಹೋದ ಪುಸ್ತಕದ ಬೆನ್ನಿಗೆ ಟೇಪು ಅಂಟಿಸುವುದು, ಚಾಪೆ ಕೊಡವುವುದು, ಯಾರದೋ ಮಕ್ಕಳ ಮೂಗು ಒರೆಸುವುದು, ಎಲ್ಲ ಅವಳ ಪಾಲಿಗೇ. ಶನಿವಾರ ಬೆಳಿಗ್ಗೆ ಮಾತ್ರ ಅವಳೇ ರಾಣಿ. ಅಪ್ಪ ಅಮ್ಮಂದಿರನ್ನು ಕೂರಿಸಿಕೊಂಡು, ಮಕ್ಕಳ ಜೊತೆ ಚಿತ್ರಪುಸ್ತಕ ಓದುವುದು ಹೇಗೆಂದು ಹೇಳಿಕೊಡುತ್ತಿದ್ದಳು.

"ಅವಸರ ಬೇಡ. ಚಿತ್ರ ತೋರಿಸಿ, ಕೇಳಿ, ಆಮೇಲೆ ಬಾಯಿ ಮುಚ್ಕೊಂಡು ಕಾಯಿರಿ. ಮಗು ಏನು ಹೇಳಿದ್ರೂ ಸರಿ. ತಪ್ಪು ಉತ್ತರ ಅನ್ನೋದೇ ಇಲ್ಲ."

"ನನ್ ಮಗ ಪುಟ ಹರೀತಾನೆ ಟೀಚರ್," ಎಂದಳು ಬಟ್ಟೆ ಹೊಲಿಯುವ ಹೆಂಗಸು.

"ಹರೀಲಿ ಬಿಡಮ್ಮ. ಟೇಪು ನನ್ ಹತ್ರ ಇದೆ."

ಇಂಥ ಮಾತಿಗೆ ಯಾರ ಮನಸ್ಸು ಕರಗುವುದಿಲ್ಲ? ಆದರೆ ಅವಳ ಸ್ವಂತ ಮನೆಯಲ್ಲಿ, ಮೂಲೆ ಮಡಚೀತೆಂದು ಪುಸ್ತಕಗಳೆಲ್ಲ ಬೀರುವಿನ ತಲೆಯ ಮೇಲೇರಿ ಕುಳಿತಿದ್ದವು.

ಆ ವರ್ಷ ಅವಳ ಕೆಲಸ ಖಾಯಂ ಮಾಡುವ ಮಾತು ಬಂತು. ಅವಳು ಒಂದು ಮಗುವಿನ ಜೊತೆ ಓದುವುದನ್ನು ಮುಖ್ಯ ಗ್ರಂಥಪಾಲಕಿ ಒಂದು ಶನಿವಾರ ಬಂದು ನೋಡುತ್ತಾರೆ. ಅವರು ಒಪ್ಪಿದರೆ ಸರಿ, ಇಲ್ಲದಿದ್ದರೆ ಕೋಣೆಗೆ ಬೇರೆಯವರು. ಯಾರದೋ ಮಗುವನ್ನು ನಂಬಿ ಕೂರುವುದು ಹೇಗೆ? ಬಾಯಿಗೆ ಬಂದದ್ದು ಹೇಳಿಬಿಟ್ಟರೆ? ಟೀಚರ್ ತನ್ನ ಆರು ವರ್ಷದ ಮಗಳನ್ನೇ ಕೂರಿಸಿಕೊಳ್ಳುವುದೆಂದು ತೀರ್ಮಾನಿಸಿದಳು.

ಆರಿಸಿದ್ದು ಕೊಡೆ ಕಳೆದುಕೊಂಡ ಕತ್ತೆಮರಿಯ ಕಥೆ. ಹನ್ನೆರಡು ಹಾಳೆ, ಹಾಳೆಗೊಂದು ಚಿತ್ರ, ಚಿತ್ರಕ್ಕೊಂದು ಪ್ರಶ್ನೆ, ಪ್ರಶ್ನೆಗೊಂದು ಉತ್ತರ. ಮೂರು ವಾರ ಮಗಳು ಉರು ಹೊಡೆದಳು. ಎಡವಿದಾಗೆಲ್ಲ ಮೇಜಿನ ಕೆಳಗೆ ತೊಡೆಗೊಂದು ಚಿವುಟು.

"ನೀನೇ ಯೋಚ್ನೆ ಮಾಡಿ ಹೇಳೋ ಹಾಗೆ ಹೇಳು. ಸ್ವಲ್ಪ ತಡವರಿಸು."

ಮಗಳು ತಡವರಿಸುವುದನ್ನೂ ಕಲಿತಳು. ಒಮ್ಮೆ ಮಾತ್ರ ಚಿತ್ರದ ಮೇಲೆ ಬೆರಳಿಟ್ಟು, "ಕತ್ತೆಮರಿಗೆ ಅಪ್ಪ ಇಲ್ವಾ ಅಮ್ಮಾ?" ಎಂದಳು.

"ಅದು ಪ್ರಶ್ನೇಲಿಲ್ಲ."

ಪಾಪ, ಅಮ್ಮನ ಮುಖ ಅರಳಿದರೆ ಆ ಕೂಸಿಗೆ ಬೇರೇನೂ ಬೇಕಿರಲಿಲ್ಲ.

ಶನಿವಾರ ಕೋಣೆ ಕಿಕ್ಕಿರಿದಿತ್ತು. ಮೊದಲ ನಾಲ್ಕು ಉತ್ತರ ಮುತ್ತು ಪೋಣಿಸಿದಂತೆ ಬಂದವು. ಮುಖ್ಯ ಗ್ರಂಥಪಾಲಕಿ ತಲೆದೂಗಿದರು. ಆಗಲೇ ಟೀಚರ್ ಬೆವರಿದ ಬೆರಳಿನಲ್ಲಿ ಎರಡು ಹಾಳೆ ಒಟ್ಟಿಗೆ ಮಗುಚಿಬಿಟ್ಟಳು. ಐದನೆಯ ಚಿತ್ರ ಹಾರಿಹೋಯಿತು. ಆರನೆಯದರಲ್ಲಿ ಕೊಡೆ ಸಿಕ್ಕಿದ ಕತ್ತೆಮರಿ ಹಲ್ಲು ಕಿರಿದು ಕುಣಿಯುತ್ತಿತ್ತು.

"ಈಗ ಇದಕ್ಕೆ ಏನನ್ನಿಸ್ತಿದೆ ಚಿನ್ನಾ?"

ಮಗಳು ಪುಸ್ತಕದ ಕಡೆ ನೋಡಲೇ ಇಲ್ಲ. ಕಣ್ಣು ಮೇಲೆ ಮಾಡಿ, ಕಲಿತಷ್ಟೇ ತಡವರಿಸಿ ಹೇಳಿದಳು: "ತುಂಬ... ದುಃಖ ಆಗಿದೆ ಅಮ್ಮಾ. ನಾವು ಅದರ ಜೊತೆ ಸುಮ್ನೆ ಕೂತ್ಕೊಳ್ಳೋಣ."

ಯಾರೋ ಕಿಸಕ್ಕೆಂದರು. ಟೀಚರ್ ಕೈ ತಾನಾಗಿ ಮೇಜಿನ ಕೆಳಗಿಳಿಯಿತು. ಮಗಳು ಎರಡೂ ಅಂಗೈಗಳಿಂದ ತೊಡೆ ಮುಚ್ಚಿಕೊಂಡಳು. ಹೊಲಿಗೆಯ ಹೆಂಗಸು ಅದನ್ನು ಕಂಡು ತನ್ನ ಮಗನನ್ನು ಮಡಿಲಿಗೆಳೆದುಕೊಂಡಳು.

"ಪರವಾಗಿಲ್ಲ ಪುಟ್ಟಿ," ಎಂದರು ಗ್ರಂಥಪಾಲಕಿ. "ಈ ಪುಸ್ತಕದಲ್ಲಿ ನಿಂಗೆ ಯಾವ ಚಿತ್ರ ಇಷ್ಟ?"

ಕೋಣೆ ಕಾಯಿತು. ಟೀಚರ್ ನಾಲ್ಕು ವರ್ಷ ಕಲಿಸಿದಂತೆಯೇ ಎಲ್ಲರೂ ಬಾಯಿ ಮುಚ್ಚಿ ಕಾದರು. ಮಗಳು ಅಮ್ಮನ ತುಟಿ ನೋಡಿದಳು.

"ಅದನ್ನ ಅಮ್ಮ ಹೇಳ್ಕೊಟ್ಟಿಲ್ಲ," ಎಂದಳು.

ಗ್ರಂಥಪಾಲಕಿ ಪೆನ್ನು ಮುಚ್ಚಿದರು. "ಸಾಕು ಟೀಚರ್. ಮುಂದಿನ ವಾರದಿಂದ ಬೇರೆಯವರು ಬರ್ತಾರೆ."

ದಾರಿಯುದ್ದಕ್ಕೂ ಟೀಚರ್ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ನಾಲ್ಕು ವರ್ಷದ ದುಡಿಮೆಯನ್ನು ಈ ಪೀಡೆ ಒಂದೇ ಮಾತಿನಲ್ಲಿ ಮಣ್ಣುಪಾಲು ಮಾಡಿತಲ್ಲ ಎಂದು ಒಳಗೊಳಗೇ ಶಪಿಸುತ್ತಿದ್ದಳು. ತಾನು ಮಾಡಿದ್ದೇನೆಂದು ಅವಳಿಗೆ ಅಂದೂ ಹೊಳೆಯಲಿಲ್ಲ, ಆಮೇಲೂ ಹೊಳೆಯಲಿಲ್ಲ.

ಹಿಂದಿನಿಂದ ಸಣ್ಣ ದನಿ ಕೇಳಿಸಿತು. ಮಗಳು ಓಡೋಡುತ್ತಾ ಮೊದಲನೆಯದರಿಂದ ಹನ್ನೆರಡನೆಯದರವರೆಗೆ ಉತ್ತರ ಒಪ್ಪಿಸುತ್ತಿದ್ದಳು. ಒಂದೂ ತಪ್ಪಲಿಲ್ಲ.

"ಈಗ ಸರಿ ಬಂತಾ ಅಮ್ಮಾ?"

ಅಮ್ಮ ತಿರುಗಲಿಲ್ಲ. ಮಗಳು ಉಸಿರೆಳೆದುಕೊಂಡು ಮತ್ತೆ ಒಂದನೆಯದರಿಂದ ಶುರು ಮಾಡಿದಳು.