ನಾಯಕರ ಕೋಟಿನ ಕಾಲರು

ದರ್ಜಿಗೆ ಭಾಷಣ ಅರ್ಥವಾಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆಮೇಲೆ ಜನ ಅವನ ತಲೆಗೆ ಕಟ್ಟಿದ ರಾಜಕೀಯದಲ್ಲಿ ಒಂದು ಎಳೆಯೂ ಅವನದಾಗಿರಲಿಲ್ಲ.

ಅವನು ಮೂವತ್ತೊಂದು ವರ್ಷದಿಂದ ಹೊಲಿಯುತ್ತಿದ್ದ. ಮುಂದಿನ ಕೋಣೆ ಅಂಗಡಿ, ಹಿಂದಿನ ಕೋಣೆ ಮನೆ. ಕತ್ತರಿ, ಮಿಷನ್ನು ಅವನದು. ಕಾಜ, ಗುಂಡಿ, ಕೊಕ್ಕೆ ಹೆಂಡತಿಯದು. ಜಗಳವಾಡಲು ಬರುವ ಗಿರಾಕಿಗಳೂ ಹೆಂಡತಿಯ ಪಾಲಿಗೇ. ಯಾರಾದರೂ ಬಟ್ಟೆ ಬಿಗಿಯಾಯಿತು ಎಂದು ಬಂದರೆ ಅವಳು ಸೂಜಿಯಿಂದ ತಲೆಯೆತ್ತದೆ, "ಹೊಲಿಗೆ ಸರಿಯಾಗೇ ಇದೆ, ನೀವು ಊದಿದ್ದೀರ" ಎಂದು ಕಳಿಸುತ್ತಿದ್ದಳು. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಗಂಡನ ಅಡುಗೆಗೆ, ಗೊರಕೆಗೆ, ಮರೆವಿಗೆ ಹೆಸರಿಟ್ಟವಳು, ಅವನ ಹೊಲಿಗೆಗೆ ಮಾತ್ರ ಒಂದು ದಿನವೂ ಹೆಸರಿಟ್ಟಿರಲಿಲ್ಲ.

ಸಂಜೆ ಏಳಕ್ಕೆ ನಾಯಕರು ಟೀವಿಯಲ್ಲಿ ಬಂದರು, ಎಂಟಕ್ಕೆ ಹೋದರು. ಅಂಗಡಿಯಲ್ಲಿ ಬಟ್ಟೆಗಂಟುಗಳ ಮೇಲೆ ಕೂತು, ಬಾಗಿಲಿಗೆ ಒರಗಿ, ಹತ್ತು ಹನ್ನೆರಡು ಜನ ನೋಡಿದರು. ಅವನೂ ನೋಡಿದ. ಒಂದೊಂದು ಮಾತೂ ತಿಳಿಯುತ್ತಿತ್ತು, ಎಲ್ಲ ಸೇರಿ ಏನಾಯಿತು ಎಂಬುದು ಮಾತ್ರ ಕೈಗೆ ಸಿಗಲಿಲ್ಲ. ಮುಗಿದದ್ದೇ ತಡ, ನಿವೃತ್ತ ಮೇಷ್ಟರು ಇದು ಚುನಾವಣೆಯ ಮಾತು ಎಂದರು. ಔಷಧಿ ಅಂಗಡಿಯವನು, "ಯುದ್ಧ ಆಗತ್ತೆ, ಬರೆದಿಟ್ಕೊಳ್ಳಿ" ಎಂದ. ಕಂಡಕ್ಟರು, "ಯುದ್ಧ ಯಾಕ್ರೀ, ಬಸ್ ಚಾರ್ಜು ಏರಿಸ್ತೀನಿ ಅಂತ ಅವರು ಹೇಳಿದ್ದು" ಎಂದ. ಮೂವರೂ ಒಂದೇ ಟೀವಿ ನೋಡಿದರೆಂದು ಆಣೆ ಮಾಡಿ ಹೇಳಿದರೂ ನಂಬುವ ಹಾಗಿರಲಿಲ್ಲ. ದರ್ಜಿ ಮೂವರಿಗೂ ಹೌದು ಹೌದು ಎಂದು ತಲೆಯಾಡಿಸಿದ.

"ನೀನೇನಂತೀಯಪ್ಪ?" ಎಂದು ಮೇಷ್ಟರು ಕೇಳಿದರು.

"ಕೋಟು ಸರಿಯಾಗಿ ಕೂತಿಲ್ಲ ಸಾರ್," ಎಂದ ದರ್ಜಿ. "ಕಾಲರು ಕತ್ತಿಂದ ಎರಡು ಬೆರಳು ದೂರ ನಿಂತಿದೆ. ಹೊಲಿದವನು ಪಳಗಿದ ಕೈಯವನೇ, ತೋಳು ಕೂರಿಸಿರೋದು ನೋಡಿದ್ರೆ ಗೊತ್ತಾಗತ್ತೆ. ಮೈಯೇ ಇಳಿದಿದೆ. ಮನೇಲಿ ಯಾರೂ ಗಮನಿಸಿಲ್ಲ ಅನ್ಸತ್ತೆ, ಪಾಪ."

ಅವನು ಆಡಿದ್ದು ಇಷ್ಟೇ. ಆದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಎಲ್ಲಿ ಬರ? ಮರುದಿನ ಬೆಳಿಗ್ಗೆ ನಾಯಕರ ಕಡೆಯವನೊಬ್ಬ ಹೊಲಿಯಲು ಕೊಟ್ಟಿದ್ದ ಪ್ಯಾಂಟು ಬಟ್ಟೆಯನ್ನು ವಾಪಸು ಒಯ್ದ. "ದೊಡ್ಡವರಿಗೆ ಕೆಟ್ಟದ್ದು ಬಯಸೋ ಕೈಯಿಂದ ನಾನು ಬಟ್ಟೆ ಹೊಲಿಸಲ್ಲ" ಎಂದ. ಅವನು ಹೊರಗೆ ಹೋಗುವಷ್ಟರಲ್ಲಿ ಎದುರು ಪಕ್ಷದವನೊಬ್ಬ ಒಳಗೆ ಬಂದು ಕೈ ಕುಲುಕಿ, "ಗಂಡಸು ಅಂದ್ರೆ ನೀನು" ಎಂದು ಬೆನ್ನು ತಟ್ಟಿದ. ಬೈಸಿಕೊಂಡದ್ದೂ ಕೋಟಿಗೆ, ಹೊಗಳಿಸಿಕೊಂಡದ್ದೂ ಕೋಟಿಗೆ. ಏನು ತಪ್ಪಿತು, ಏನು ಸರಿಹೋಯಿತು ಎಂದು ತಿಳಿಯದೆ ಅವನು ಒಂದೇ ತೋಳನ್ನು ಎರಡು ಸಲ ಬಿಚ್ಚಿ ಹೊಲಿದ.

ಮೂರನೆಯ ದಿನ ಕಂಡಕ್ಟರು ಬಂದು ಕಿವಿಯಲ್ಲಿ, "ನಾಯಕರು ಆಸ್ಪತ್ರೇಲಿ ಇದ್ದಾರಂತೆ" ಎಂದ.

"ಅಯ್ಯೋ. ಯಾರು ಹೇಳಿದ್ರು?"

"ಅವರ ಕೋಟು ಹೊಲಿಯೋನೇ ಕಣ್ಣಾರೆ ನೋಡಿ ಹೇಳಿದ್ದಾನಂತೆ."

ದರ್ಜಿಗೆ ನಿಜವಾಗಿ ಸಂಕಟವಾಯಿತು. ನಾಯಕರಿಗಾಗಿ ಒಂದು ನಿಟ್ಟುಸಿರೂ ಬಿಟ್ಟ. ಆ ಹೊಲಿಯುವವನು ತಾನೇ ಎಂದು ಹೊಳೆಯಲು ಅವನಿಗೆ ಒಂದು ಲೋಟ ಚಹಾ ಮುಗಿಯುವಷ್ಟು ಹೊತ್ತು ಹಿಡಿಯಿತು.

"ನಿಮಗ್ಯಾಕ್ರೀ ಊರ ಉಸಾಬರಿ," ಎಂದಳು ಹೆಂಡತಿ. ಅವಳ ರವಿಕೆಯ ತೋಳಿನಲ್ಲಿ ಒಂದು ಪಿನ್ನು, ಸೊಂಟದ ಬಳಿ ಇನ್ನೊಂದು. ಅವನು ನೋಡಿದ, ನೋಡಿಯೂ ಏನೂ ಅನ್ನಿಸಲಿಲ್ಲ. ದರ್ಜಿಯ ಮನೆಯಲ್ಲಿ ಪಿನ್ನು ಪರದೆಯಲ್ಲಿರುತ್ತದೆ, ದಿಂಬಿನಲ್ಲಿರುತ್ತದೆ, ಅವನದೇ ಕಾಲರಿನಲ್ಲೂ ಇರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯುವವರು ಯಾರು? ಮಧ್ಯಾಹ್ನ ಅವಳು ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದದ್ದನ್ನೂ ಹಾಗೆಯೇ ನೋಡಿದ. ಅಷ್ಟರಲ್ಲಿ ಶಾಲೆಯಿಂದ ಕರೆ ಬಂತು.

ಶಾಲೆಯ ಸಮವಸ್ತ್ರ ಅವರ ಮನೆಯ ವರ್ಷದ ಅನ್ನ. ನೂರ ನಲವತ್ತು ಜೊತೆ, ಪ್ರತಿ ವರ್ಷ ಅವನಿಗೇ. ಶಾಲಾ ಸಮಿತಿಯ ಅಧ್ಯಕ್ಷರ ಕೋಣೆಯಲ್ಲಿ ನಾಯಕರ ದೊಡ್ಡ ಪಟ ಇತ್ತು, ಅದೂ ಕೋಟಿನಲ್ಲೇ. ಹಳೆಯ ಪಟ, ಕಾಲರು ಕತ್ತಿಗೆ ಅಂಟಿ ಕೂತಿತ್ತು. ದರ್ಜಿಯ ಕಣ್ಣು ಬೇಡವೆಂದರೂ ಅಲ್ಲಿಗೇ ಹೋಯಿತು.

"ಕೋಟು ಸಡಿಲ ಆಗೋಕೆ ಏನೇನು ಕಾರಣ ಇರತ್ತೆ?" ಎಂದು ಅಧ್ಯಕ್ಷರು ಕೇಳಿದರು.

"ಎರಡೇ ಸಾರ್. ಒಂದೋ ಹೊಲಿದವನಿಗೆ ಕೆಲಸ ಬರಲ್ಲ. ಇಲ್ಲ, ಹಾಕ್ಕೊಂಡವರು ಇಳಿದಿದ್ದಾರೆ."

"ಹಾಗಾದ್ರೆ ಹೊಲಿದವನಿಗೆ ಕೆಲಸ ಬರಲ್ಲ ಅಂತ ಇವರೆಲ್ಲರ ಮುಂದೆ ಹೇಳಿಬಿಡು. ವಿಷಯ ಮುಗೀತು."

ಸಮಿತಿಯ ನಾಲ್ವರು ಅವನ ಬಾಯನ್ನೇ ನೋಡುತ್ತಿದ್ದರು. ದರ್ಜಿಗೆ ಆ ಕೋಟಿನ ತೋಳು ನೆನಪಾಯಿತು. ಒಂದು ಸುಕ್ಕಿಲ್ಲದೆ ಇಳಿದಿತ್ತು. ಅಂಥ ಕೈಯನ್ನು ಹಳಿಯಬೇಕಲ್ಲ ಎಂದು ಹೊಟ್ಟೆ ಉರಿಯಿತು, ಆದರೆ ಮನೆಯ ಒಲೆಯೂ ಉರಿಯಬೇಕಲ್ಲ. "ಹೊಲಿದವನಿಗೆ ಕೆಲಸ ಬರಲ್ಲ ಸಾರ್. ನಾನೇ ತಪ್ಪು ನೋಡಿದೆ," ಎಂದ. ಸಮವಸ್ತ್ರದ ಆರ್ಡರಿನ ಕಾಗದಕ್ಕೆ ಅಧ್ಯಕ್ಷರ ಸಹಿ ಬಿತ್ತು. ದಾರಿಯುದ್ದಕ್ಕೂ, ಎಂದೂ ಕಾಣದ ಆ ದರ್ಜಿಯ ಕ್ಷಮೆ ಕೇಳುತ್ತ ಬಂದ.

ಅವನು ಒಳಗೆ ಬಂದಾಗ ಹೆಂಡತಿ ಸ್ಟೂಲು ಹತ್ತಿ ಅಟ್ಟದಿಂದ ಬಟ್ಟೆ ಇಳಿಸುತ್ತಿದ್ದಳು.

"ಆರ್ಡರು ಸಿಕ್ತಾ?"

"ಸಿಕ್ತು."

"ಏನು ಹೇಳಿ ಬಂದ್ರಿ?"

"ಹೊಲಿದವನಿಗೆ ಕೆಲಸ ಬರಲ್ಲ ಅಂದೆ."

ಅವಳು ನಕ್ಕಳು. ನಗುತ್ತ ಕೈ ಮೇಲೆತ್ತಿದಾಗ ತೋಳಿನ ಪಿನ್ನು ಬಿಚ್ಚಿಕೊಂಡು ಚುಚ್ಚಿತು. ಸ್ಸ್ ಎಂದು ಅದನ್ನು ಕಿತ್ತಳು. ತೋಳು ಅಗಲವಾಗಿ ಜೋತುಬಿತ್ತು, ಅದರೊಳಗೆ ಅವಳ ಕೈ ಸಣ್ಣಗೆ ಕಂಡಿತು.

"ಅಲ್ಲಿಗ್ಯಾಕೆ ಪಿನ್ನು?"

"ಯಾಕೆ ಅಂದ್ರೆ? ನೀವು ಸಡಿಲ ಹೊಲಿದಿದ್ರಿ," ಎಂದಳು, ಅವನ ಮುಖ ನೋಡದೆ.

ದರ್ಜಿ ಅಳತೆ ಪುಸ್ತಕ ತೆಗೆದು ಅವಳ ಹಾಳೆ ಹುಡುಕಿದ. ಹೋದ ವರ್ಷದ ಅಳತೆ, ಅವನದೇ ಪೆನ್ಸಿಲ್ಲು. ಅವಳನ್ನು ಸ್ಟೂಲಿನಿಂದ ಇಳಿಸಿ ತೋಳಿಗೆ ಟೇಪು ಸುತ್ತಿದ. ಎರಡು ಇಂಚು ಕಡಿಮೆ. ಮತ್ತೆ ಸುತ್ತಿದ. ಅಷ್ಟೇ ಬಂತು.

"ಎಷ್ಟು ದಿನದಿಂದ?"

"ಸ್ಕೂಲು ಬಟ್ಟೆ ಮುಗೀಲಿ, ಆಮೇಲೆ ಹೇಳೋಣ ಅಂತಿದ್ದೆ."

ಬಾಗಿಲಲ್ಲಿ ಔಷಧಿ ಅಂಗಡಿಯವನು ನಿಂತು, ಭಾಷಣದ ವಿಷಯದಲ್ಲಿ ಸಮಿತಿ ಏನಂತು ಎಂದು ಕೇಳಿದ. ದರ್ಜಿಗೆ ಅದು ಕೇಳಿಸಲಿಲ್ಲ. ಸಹಿ ಬಿದ್ದ ಕಾಗದವನ್ನು ಮಿಷನ್ನಿನ ಮೇಲೆ ಇಟ್ಟು, ಮೂಲೆಯಲ್ಲಿದ್ದ ಅವಳ ಚಪ್ಪಲಿಯನ್ನು ತಂದು ಕಾಲ ಹತ್ತಿರ ಇಟ್ಟ.

"ನಾನು ಹೊಲಿದಿದ್ದು ಸಡಿಲ ಆಗಲ್ಲ ಕಣೇ," ಎಂದ. "ನಡಿ, ಡಾಕ್ಟರ ಹತ್ರ ಹೋಗೋಣ."